ಚಿತ್ ಆದ ಮೇಲೇ ಆಟ ಶುರು

ಎಂಬತ್ತೆರಡು ಕೆ.ಜಿ. ತೂಕದ ಮನುಷ್ಯನೊಬ್ಬ ನಿಮ್ಮ ಎದೆಯ ಮೇಲೆ ಅಡ್ಡಲಾಗಿ ಒರಗಿದರೆ ಹೇಗಿರುತ್ತದೆ ಗೊತ್ತಾ? ಮೊದಲು ಉಸಿರು ಹೋಗುತ್ತದೆ. ಆಮೇಲೆ ಮರ್ಯಾದೆ ಹೋಗುತ್ತದೆ. ಅವರ ಬೆವರು ಹನಿಹನಿಯಾಗಿ ಸರಿಯಾಗಿ ನಿಮ್ಮ ಕಣ್ಣಿಗೇ ಬೀಳುತ್ತದೆ. ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಎರಡು ಬಸ್ ಬದಲಿಸಿ, ಸಂಬಳದಲ್ಲಿ ಫೀಸು ಕಟ್ಟಿ ಬಂದು ನಾನ್ಯಾಕೆ ಈ ಅಣ್ಣನ ಕಂಕುಳಡಿ ಸಿಕ್ಕಿಬಿದ್ದಿದ್ದೇನೆ ಅಂತ ಮೊದಲ ತಿಂಗಳು ದಿನಾ ಕೇಳಿಕೊಳ್ಳುತ್ತಿದ್ದೆ. ಈಗ ಒಂದೂವರೆ ವರ್ಷವಾಯಿತು. ಅದೇ ಅಣ್ಣ, ಅದೇ ಕಂಕುಳು. ಆದರೆ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗದಿದ್ದರೆ ನನಗೆ ನಿದ್ದೆಯೇ ಸರಿ ಬರುವುದಿಲ್ಲ.

ಇದರ ಹೆಸರು ಬ್ರೆಜಿಲಿಯನ್ ಜಿಯು ಜಿಟ್ಸು. ಅಮ್ಮನ ಬಾಯಿಗೆ ಇವತ್ತಿಗೂ ಹೊರಳುವುದಿಲ್ಲ. ಫೋನ್ ಮಾಡಿದರೆ ‘ಆ ಜುಜುಬಿ ಕ್ಲಾಸಿಗೆ ಹೋಗಿದ್ದೇನು?’ ಅಂತಲೇ ಕೇಳುತ್ತಾಳೆ.

ನಮ್ಮೂರು ದಾವಣಗೆರೆ. ಅಜ್ಜ ವಯಸ್ಸಿನಲ್ಲಿ ಕುಸ್ತಿ ಆಡಿದವನು. ದೊಡ್ಡ ಹೆಸರು ಮಾಡಿದ ಪೈಲ್ವಾನನೇನಲ್ಲ. ಹತ್ತಿಯ ಮಿಲ್ಲಿನಲ್ಲಿ ಶಿಫ್ಟ್ ಮುಗಿಸಿ ಗರಡಿಗೆ ಹೋಗಿ ಸಾಮು ಮಾಡುತ್ತಿದ್ದವನು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಒಂದೆರಡು ಸಲ ಕಣಕ್ಕೂ ಇಳಿದಿದ್ದನಂತೆ. ಗೆದ್ದದ್ದನ್ನು ಅವನು ಹೇಳುತ್ತಾನೆ, ಸೋತದ್ದನ್ನು ಅಜ್ಜಿ ಹೇಳುತ್ತಿದ್ದಳು. ಅವನ ಎರಡೂ ಕಿವಿ ಮುದುಡಿ ಗೋಡಂಬಿಯ ಹಾಗಾಗಿವೆ. ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿಕೊಂಡು ಗಟ್ಟಿಯಾಗಿ ಹಾಗಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಈಚೆಗೆ. ಚಿಕ್ಕವಳಿದ್ದಾಗ, ಮೇಷ್ಟ್ರು ಹಿಂಡಿ ಹಿಂಡಿ ಹಾಗಾಗಿದೆ ಎಂದೇ ನಂಬಿದ್ದೆ.

ನನಗೆ ಎಂಟು ವರ್ಷವಿದ್ದಾಗಲೂ ಅಜ್ಜ ಹುಡುಗರಿಗೆ ಪಟ್ಟು ಹೇಳಿಕೊಡಲು ಗರಡಿಗೆ ಹೋಗುತ್ತಿದ್ದ. ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದ. ತಮ್ಮ ಚಡ್ಡಿಯಲ್ಲೇ ಒಳಗೆ ಓಡುತ್ತಿದ್ದ. ನಾನು ಹೊಸ್ತಿಲ ಹೊರಗೆ, ಎಲ್ಲರ ಚಪ್ಪಲಿಗಳ ಪಕ್ಕ. ಹೆಣ್ಣುಮಕ್ಕಳು ಕೆಮ್ಮಣ್ಣು ತುಳಿಯಬಾರದು. ಬಾಗಿಲಿನಿಂದ ಕಾಣುವಷ್ಟು ಕಾಣುತ್ತಿತ್ತು: ಗೋಡೆಯ ಮೇಲಿನ ಆಂಜನೇಯ, ಮೂಲೆಯಲ್ಲಿ ಗದೆ, ಎಣ್ಣೆ ಹಚ್ಚಿದ ಬೆನ್ನುಗಳು. ಧಪ್ ಅಂತ ಯಾರೋ ಬೀಳುವ ಸದ್ದು, ಅದರ ಹಿಂದೆಯೇ ‘ಚಿತ್!’ ಅನ್ನುವ ಕೂಗು. ಮನೆಗೆ ಬಂದು ಹಾಸಿಗೆಯ ಮೇಲೆ ತಮ್ಮನನ್ನು ಕೆಡವಿ ನಾನೂ ಹಾಗೇ ಕೂಗುತ್ತಿದ್ದೆ. ಅವನು ಅಳುತ್ತಿದ್ದ. ಈ ಸುಖವೆಲ್ಲ ಏಳನೇ ಕ್ಲಾಸಿನವರೆಗೆ. ಒಂದು ದಿನ ಅಮ್ಮ ‘ಇನ್ನು ಅವನ ಜೊತಿ ಹೊರಳಾಡೋದು ಸಾಕು, ದೊಡ್ಡಾಕಿ ಆಗೀಯ’ ಅಂದಳು. ಅಷ್ಟೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆಟ ನಿಂತುಹೋಯಿತು. ಇದನ್ನು ಓದುತ್ತಿರುವ ಎಷ್ಟೋ ಹುಡುಗಿಯರಿಗೆ ಅವರವರ ಆ ದಿನ ನೆನಪಿರಬಹುದು.

2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ನಡೆಯುವಾಗ ನಾನು ಒಂಬತ್ತನೇ ಕ್ಲಾಸು. ಸಾಕ್ಷಿ ಮಲಿಕ್ 0–5ರಿಂದ ಹಿಂದೆ ಬಿದ್ದಿದ್ದವರು 8–5ರಲ್ಲಿ ಗೆದ್ದು ಕಂಚು ತಂದರು. ಕುಸ್ತಿಯಲ್ಲಿ ಒಲಿಂಪಿಕ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಣ್ಣುಮಗಳು. ಅಜ್ಜ ಪೇಪರಿನಲ್ಲಿ ಬಂದ ಫೋಟೊ ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ. ನಾನು ಧೈರ್ಯ ಮಾಡಿ ‘ನಾನೂ ಕಲೀಲೇನಜ್ಜ?’ ಅಂತ ಕೇಳಿದೆ. ‘ನಿಂಗ್ಯಾಕವ್ವ ಅದೆಲ್ಲ, ಚೆಂದಾಗಿ ಓದು’ ಅಂದ. ಫೋಟೊ ಮಾತ್ರ ಈಗಲೂ ಅಲ್ಲೇ ಇದೆ.

ಓದಿದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಪಿಜಿ ಸಿಕ್ಕಿತು. ಸೇರಿದ ಹೊಸತರಲ್ಲಿ ಒಂದು ರಾತ್ರಿ ತುಂಬಿದ ಬಸ್ಸಿನಲ್ಲಿ ಹಿಂದೆ ನಿಂತವನೊಬ್ಬ ನನಗೆ ಒತ್ತಿಕೊಂಡ. ರಶ್ ಇದೆ ಅಂದುಕೊಂಡೆ. ರಶ್ ಕಡಿಮೆಯಾದರೂ ಅವನು ಸರಿಯಲಿಲ್ಲ. ಬೈಯಬೇಕು ಅಂತ ಬಾಯಿ ತೆರೆದೆ, ಸದ್ದೇ ಹೊರಡಲಿಲ್ಲ. ಕೈ ಕಂಬಿ ಹಿಡಿದದ್ದು ಹಿಡಿದ ಹಾಗೇ. ಮೂರು ಸ್ಟಾಪ್ ಹಾಗೇ ನಿಂತಿದ್ದೆ. ಅವನೇ ಇಳಿದು ಹೋದ. ಆಮೇಲೆ ಎಷ್ಟೋ ದಿನ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಆ ಮೂರು ಸ್ಟಾಪಿನ ಮೇಲೆ. ತಮ್ಮನನ್ನು ಕೆಡವಿ ‘ಚಿತ್’ ಅಂತ ಕೂಗುತ್ತಿದ್ದವಳು ಎಲ್ಲಿ ಹೋದಳು?

ಪಿಜಿಯ ರೂಮ್‌ಮೇಟ್‌ಗೆ ಮಾತ್ರ ಹೇಳಿದ್ದೆ. ಅವಳು ‘ಸೆಲ್ಫ್ ಡಿಫೆನ್ಸ್‌ಗೆ ಒಳ್ಳೇದಂತೆ, ಒಂದು ಟ್ರಯಲ್ ಫ್ರೀ’ ಅಂತ ಎಳೆದುಕೊಂಡು ಹೋದಳು. ಅವಳು ಎರಡು ಕ್ಲಾಸಿಗೆ ಬಿಟ್ಟಳು, ಅದು ಬೇರೆ ವಿಷಯ.

ಮೂರನೇ ಮಹಡಿ. ಕೆಳಗೆ ಅಯ್ಯಂಗಾರ್ ಬೇಕರಿ. ಮೆಟ್ಟಿಲು ಹತ್ತುವಾಗ ದಿಲ್‌ಪಸಂದ್ ಬೇಯುವ ಪರಿಮಳ, ಬಾಗಿಲು ತೆರೆದರೆ ಬೆವರು ಮತ್ತು ಫಿನಾಯಿಲ್. ಗೋಡೆಯಿಂದ ಗೋಡೆಗೆ ನೀಲಿ ಮ್ಯಾಟ್. ನಾನು ಚಪ್ಪಲಿ ಬಿಟ್ಟು ಅಭ್ಯಾಸಬಲದಿಂದ ಹೊಸ್ತಿಲಲ್ಲೇ ನಿಂತೆ. ‘ಒಳಗೆ ಬನ್ನಿ, ಯಾಕಲ್ಲೇ ನಿಂತ್ರಿ?’ ಅಂದರು ಕೋಚ್.

ಹೊಡೆಯುವುದು, ಒದೆಯುವುದು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ಈ ಆಟದಲ್ಲಿ ಹೊಡೆತವೇ ಇಲ್ಲ. ಹಿಡಿಯುವುದು, ಕೆಡವುವುದು, ಮೇಲೆ ಕೂರುವುದು, ಕೊನೆಗೆ ಕೀಲು ತಿರುಚಿ ಅಥವಾ ಕತ್ತು ಬಿಗಿದು ಒಪ್ಪಿಸಿಕೊಳ್ಳುವುದು. ಕೋಚ್ ಮೊದಲು ಹೇಳಿಕೊಟ್ಟದ್ದು ಅದ್ಯಾವುದೂ ಅಲ್ಲ. ಅಂಗೈಯಿಂದ ಮ್ಯಾಟಿನ ಮೇಲೆ ಎರಡು ಸಲ ಬಡಿದರು. ‘ಇದು ಟ್ಯಾಪ್. ನೋವಾದ್ರೆ ಟ್ಯಾಪ್ ಮಾಡಿ, ಭಯ ಆದ್ರೆ ಟ್ಯಾಪ್ ಮಾಡಿ, ಸುಮ್ನೆ ಸಾಕು ಅನ್ನಿಸಿದ್ರೂ ಮಾಡಿ. ಕೈ ಸಿಕ್ಕಿಕೊಂಡಿದ್ರೆ ಬಾಯಲ್ಲಿ ಹೇಳಿ. ಎದುರಿಗಿರೋರು ತಕ್ಷಣ ಬಿಡ್ಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ.’

ಎರಡನೇ ಕ್ಲಾಸಿನಲ್ಲಿ ಒಬ್ಬ ದಂತವೈದ್ಯೆ ಅಕ್ಕ ನನ್ನ ಎರಡೂ ಕೈ ಸಿಕ್ಕಿಸಿ ಹಿಡಿದರು. ಬಾಯಲ್ಲೇ ಹೇಳಬೇಕಿತ್ತು. ಮತ್ತೆ ಆ ಬಸ್ಸಿನ ಹಾಗೇ ಗಂಟಲು ಕಟ್ಟಿತು. ಹೇಗೋ ಪಿಸುಗುಟ್ಟಿದೆ, ‘ಟ್ಯಾಪ್’. ಅಕ್ಕ ತಕ್ಷಣ ಬಿಟ್ಟರು. ‘ಇನ್ನೂ ಜೋರಾಗಿ ಹೇಳು, ಪರವಾಗಿಲ್ಲ’ ಅಂದು ಮತ್ತೆ ಕೈ ಮುಂದೆ ಮಾಡಿದರು. ಅಷ್ಟೇ ನಡೆದದ್ದು. ಅವತ್ತು ಪಿಜಿಗೆ ವಾಪಸಾಗುವಾಗ ಬಸ್ಸಿನ ಕಿಟಕಿ ಪಕ್ಕ ಕೂತು, ಸಾಕು ಅಂದರೆ ಬಿಡುತ್ತಾರೆ, ಸಾಕು ಅಂದರೆ ಬಿಡುತ್ತಾರೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ. ಈಗ ನನ್ನ ಟ್ಯಾಪ್ ಬೇಕರಿಯವರೆಗೆ ಕೇಳಿಸುತ್ತದೆ ಅಂತ ತಮಾಷೆ ಮಾಡುತ್ತಾರೆ.

ಹಾಗಂತ ಮೊದಲ ಮೂರು ತಿಂಗಳು ಇದು ಖುಷಿ ಕೊಟ್ಟಿತು ಅಂದರೆ ಸುಳ್ಳಾಗುತ್ತದೆ. ವಾರ್ಮಪ್ಪಿನಲ್ಲಿ ‘ಶ್ರಿಂಪ್’ ಅಂತ ಮಾಡಿಸುತ್ತಾರೆ. ಶ್ರಿಂಪ್ ಅಂದರೆ ಸಿಗಡಿ. ಅಂಗಾತ ಮಲಗಿ, ಒಂದು ಕಾಲು ಊರಿ, ಸೊಂಟವನ್ನು ಹಿಂದಕ್ಕೆ ಎಸೆದು, ಸಿಗಡಿಯ ಹಾಗೆ ಮುರುಟಿಕೊಂಡು ಹಾಲಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಎಲ್ಲರೂ ನೇರ ಹೋಗುತ್ತಿದ್ದರು, ನಾನು ಗೋಡೆಗೆ ಹೋಗುತ್ತಿದ್ದೆ. ಆಮೇಲೆ ರೋಲಿಂಗ್, ಅಂದರೆ ನಿಜವಾದ ಆಟ. ಐದು ನಿಮಿಷ ಒಬ್ಬರ ಜೊತೆ, ಮತ್ತೆ ಐದು ನಿಮಿಷ ಇನ್ನೊಬ್ಬರ ಜೊತೆ. ಎಲ್ಲರ ಕೆಳಗೂ ನಾನೇ. ಗಂಡಸರ ಮೈ ತಾಗುವ ಮುಜುಗರ ಹೇಗೆ ಹೋಯಿತು ಅಂತ ಪಿಜಿಯ ಹುಡುಗಿಯರು ಕೇಳುತ್ತಾರೆ. ಮೊದಮೊದಲು ಹೆಂಗಸರ ಜೊತೆ ಮಾತ್ರ ಆಡುತ್ತೇನೆ ಅಂದಿದ್ದೆ, ಯಾರೂ ಒತ್ತಾಯ ಮಾಡಲಿಲ್ಲ. ತಿಂಗಳ ಮೇಲೆ ನಾನೇ ಎದ್ದು ಹೋಗಿ ಆ ಅಣ್ಣನ ಎದುರು ಕೂತೆ. ಉಸಿರಿಗೆ ಪರದಾಡುವಾಗ ಮುಜುಗರಕ್ಕೆ ಜಾಗವೇ ಇರುವುದಿಲ್ಲ ಅನ್ನುವುದು ಒಂದು ಕಾರಣ. ಎದುರಿಗಿರುವವರೂ ನಮ್ಮಷ್ಟೇ ಪರದಾಡುತ್ತಿರುತ್ತಾರೆ ಅನ್ನುವುದು ಇನ್ನೊಂದು.

ಕೋಚ್ ಆಗಾಗ ಇದರ ಕಥೆ ಹೇಳುತ್ತಿದ್ದರು. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಶಾಲೆ ಶುರು ಮಾಡಿ, ಹಳೆಯ ಜುಜುತ್ಸು ಪಟ್ಟುಗಳನ್ನು ಸೋಸಿ ಜೂಡೊ ಮಾಡಿದರು. ಆ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಯೆದಾ ದೇಶ ದೇಶ ಸುತ್ತಿ ಪಂದ್ಯ ಆಡುತ್ತಾ 1914ರಲ್ಲಿ ಬ್ರೆಜಿಲ್ ತಲುಪಿದರು. ಬೆಲೆಮ್ ಅನ್ನುವ ಊರಿನಲ್ಲಿ ಅವರಿಂದ ಕಲಿತ ಹುಡುಗ ಕಾರ್ಲೊಸ್ ಗ್ರೇಸಿ. ಕಾರ್ಲೊಸ್ ಮತ್ತು ಅವರ ತಮ್ಮಂದಿರು ಮುಂದೆ ರಿಯೊದಲ್ಲಿ ಇದನ್ನು ಬೆಳೆಸಿದರು, ಹೆಚ್ಚಾಗಿ ನೆಲದ ಮೇಲಿನ ಆಟವಾಗಿ. ತಮ್ಮಂದಿರಲ್ಲಿ ಹೆಲಿಯೊ ಸಣಕಲು ದೇಹದವರು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಗೆದ್ದರು. ಆಗ ಲೋಕಕ್ಕೆಲ್ಲ ಇದರ ಹುಚ್ಚು ಹತ್ತಿತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜು ಜಿಟ್ಸುವೂ ಒಂದು ಸ್ಪರ್ಧೆಯಾಗಿ ಬಂತು. ಸಾಕ್ಷಿ ಗೆದ್ದದ್ದೂ ಅದೇ ರಿಯೊದಲ್ಲಿ ಅಂತ ನನಗೆ ಹೊಳೆದದ್ದು ಆಮೇಲೆ.

ಈ ಕಥೆಯಲ್ಲಿ ನನಗೆ ಬೇಕಾಗಿದ್ದು ಒಂದೇ ವಿಷಯ. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಇಲ್ಲಿ ಬೆನ್ನು ತಾಗಿದ ಮೇಲೂ ಆಟ ಇದೆ. ಅಂಗಾತ ಬಿದ್ದವಳು ತನ್ನ ಎರಡೂ ಕಾಲನ್ನು ಮೇಲಿನವರ ಸೊಂಟಕ್ಕೆ ಸುತ್ತಿ ಹಿಡಿದರೆ ಅದಕ್ಕೆ ಗಾರ್ಡ್ ಅನ್ನುತ್ತಾರೆ. ಗಾರ್ಡ್‌ನಲ್ಲಿದ್ದರೆ ಕೆಳಗಿರುವವರು ಸೋತಿಲ್ಲ. ಅಲ್ಲಿಂದಲೇ ಕೈ ಮುರಿಯುವ ಪಟ್ಟು, ಕತ್ತು ಬಿಗಿಯುವ ಪಟ್ಟು, ಮೇಲಿನವರನ್ನು ಮಗುಚಿ ಹಾಕುವ ಪಟ್ಟು ಎಲ್ಲ ಇವೆ. ಮಗುಚಿದರೆ ಸ್ಪರ್ಧೆಯಲ್ಲಿ ಎರಡು ಪಾಯಿಂಟ್. ಮೇಲಿನವರು ಆ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದರೆ ಅವರಿಗೆ ಮೂರು. ಇಡೀ ಆಟ ಹೆಚ್ಚುಕಡಿಮೆ ಈ ದಾಟುವುದು, ದಾಟಲು ಬಿಡದಿರುವುದು.

ನಾಲ್ಕನೇ ತಿಂಗಳ ಒಂದು ಗುರುವಾರ. ನನ್ನ ತೂಕ ಐವತ್ತನಾಲ್ಕು. ಅದೇ ಅಣ್ಣ, ಕ್ಯಾಬ್ ಓಡಿಸುತ್ತಾರೆ, ಎಂದಿನಂತೆ ನನ್ನ ಎದೆಯ ಮೇಲೆ ಅಡ್ಡ. ಅದುವರೆಗೆ ನಾನು ಮಾಡುತ್ತಿದ್ದದ್ದು ಒಂದೇ: ಎರಡೂ ಕೈಯಿಂದ ತಳ್ಳುವುದು. ಹತ್ತು ಸೆಕೆಂಡಿಗೆ ತೋಳು ಸೋತು, ಅಣ್ಣ ಇನ್ನೂ ಭಾರವಾಗುತ್ತಿದ್ದರು. ಅವತ್ತು ಸುಸ್ತಾಗಿದ್ದೆನೋ ಏನೋ, ತಳ್ಳಲಿಲ್ಲ. ಕೋಚ್ ನೂರು ಸಲ ಹೇಳಿದ್ದ ಹಾಗೆ ಒಂದು ಮುಂಗೈಯನ್ನು ಅವರ ಕತ್ತಿಗೆ, ಇನ್ನೊಂದನ್ನು ಸೊಂಟಕ್ಕೆ ಗೂಟದ ಹಾಗೆ ಆನಿಸಿದೆ. ಮೂಳೆಗೆ ಆಯಾಸ ಇಲ್ಲ. ಉಸಿರು ಬಿಟ್ಟು ಕಾದೆ. ಕಣ್ಣು ಮುಚ್ಚಿಕೊಂಡಿದ್ದೆ, ಆದರೂ ಅವರ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಎದೆಗೆ ತಿಳಿಯುತ್ತಿತ್ತು. ಅವರು ಒಂದು ಕಾಲು ಎತ್ತಿ ನನ್ನ ಹೊಟ್ಟೆಯ ಮೇಲೆ ಹತ್ತಲು ಹೊರಟರು. ಕಾಲು ಎತ್ತಿದ ಆ ಅರ್ಧ ಸೆಕೆಂಡು ಭಾರ ಹಗುರಾಯಿತು. ಸೊಂಟ ಎತ್ತಿದೆ, ಸಿಗಡಿಯ ಹಾಗೆ ಹಿಂದೆ ಜಾರಿದೆ, ನಡುವೆ ಸಿಕ್ಕ ಗೇಣು ಜಾಗದಲ್ಲಿ ಮೊಣಕಾಲು ತೂರಿಸಿದೆ. ಕಣ್ಣು ಬಿಟ್ಟರೆ ನನ್ನ ಕಾಲುಗಳು ಅವರ ಸೊಂಟಕ್ಕೆ ಸುತ್ತಿಕೊಂಡಿದ್ದವು.

‘ಓಹೋ!’ ಅಂದರು ಅಣ್ಣ.

ನಾನು ನಕ್ಕೆ. ಆಟದ ಮಧ್ಯೆ, ಜೋರಾಗಿ, ಇಡೀ ಹಾಲ್ ತಿರುಗಿ ನೋಡುವ ಹಾಗೆ. ಆ ನಗು ನನಗೆ ಗುರುತಿತ್ತು, ಏಳನೇ ಕ್ಲಾಸಿನಲ್ಲಿ ಬಿಟ್ಟು ಬಂದಿದ್ದೆ. ಅಣ್ಣ ಅರ್ಧ ನಿಮಿಷದಲ್ಲಿ ಮತ್ತೆ ನನ್ನ ಕಾಲು ದಾಟಿ, ಮೇಲೆ ಹತ್ತಿ, ಕೈ ತಿರುಚಿ ಟ್ಯಾಪ್ ಮಾಡಿಸಿದರು. ಅದಕ್ಕೂ ನಕ್ಕೆ.

ಅಲ್ಲಿಂದ ಹುಚ್ಚು ಹಿಡಿಯಿತು. ಇದನ್ನು ‘ದೇಹದ ಚೆಸ್’ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಚೆಸ್ ಬರುವುದಿಲ್ಲ. ನನಗೆ ನೆನಪಾಗುವುದು ಅಜ್ಜಿ ಜಗಲಿಯ ಕಲ್ಲಿನ ಮೇಲೆ ಗೆರೆ ಎಳೆದು ಆಡಿಸುತ್ತಿದ್ದ ಹುಲಿ-ಕುರಿ ಆಟ. ಹುಲಿ ಹಾರಿ ಕೊಲ್ಲುತ್ತದೆ. ಕುರಿಗಳಿಗೆ ಕೊಲ್ಲಲು ಬರುವುದಿಲ್ಲ, ಹುಲಿ ಹೋಗುವ ಜಾಗ ಒಂದೊಂದಾಗಿ ಮುಚ್ಚಲು ಬರುತ್ತದೆ. ಅಣ್ಣ ಹುಲಿ. ನಾನು ದಿನಾ ಕುರಿಗಳನ್ನು ಜೋಡಿಸುತ್ತಿದ್ದೇನೆ. ಆಫೀಸಿನಲ್ಲಿ ಎಕ್ಸೆಲ್ ಶೀಟ್ ತೆರೆದು ಕೂತು, ನಿನ್ನೆ ಮೊಣಕೈ ಒಳಗಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿರುತ್ತೇನೆ. ಮ್ಯಾನೇಜರ್ ಈ ಪೇಜ್ ಓದುವುದಿಲ್ಲ ಅಂದುಕೊಂಡಿದ್ದೇನೆ.

ಸೋಲಿನ ಬಗ್ಗೆ ಇವರಿಗೊಂದು ವಿಚಿತ್ರ ಮರ್ಯಾದೆ ಇದೆ. ನಮ್ಮ ಕ್ಲಾಸಿನಲ್ಲಿ ದಿನಾ ‘ಕಿಮುರಾ’ ಅನ್ನುವ ಪಟ್ಟು ಹೇಳಿಕೊಡುತ್ತಾರೆ, ಎದುರಾಳಿಯ ಕೈಯನ್ನು ಬೆನ್ನ ಹಿಂದಕ್ಕೆ ತಿರುಚುವುದು. ಕಿಮುರಾ ಯಾರು ಅಂದರೆ, 1951ರಲ್ಲಿ ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಹೆಲಿಯೊ ಗ್ರೇಸಿಯನ್ನು ಅದೇ ಪಟ್ಟಿನಿಂದ ಸೋಲಿಸಿದ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ. ಕೈ ಮುರಿದರೂ ಹೆಲಿಯೊ ಟ್ಯಾಪ್ ಮಾಡಲಿಲ್ಲ. ಅಣ್ಣ ಕಾರ್ಲೊಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಸೋತವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟುಕೊಂಡು ಇವತ್ತಿಗೂ ಕಲಿಸುತ್ತಿದ್ದಾರೆ. ಕೋಚ್ ಇದನ್ನು ಹೇಳಿ ಮುಗಿಸುವುದು ಮಾತ್ರ ಹೀಗೆ: ‘ನೀವು ಹೆಲಿಯೊ ಅಲ್ಲ. ನಾಳೆ ಆಫೀಸಿಗೆ ಹೋಗ್ಬೇಕು. ಟ್ಯಾಪ್ ಮಾಡಿ.’

ಬಣ್ಣ ಬಳಿಯುವುದು ಬೇಡ, ತೊಂದರೆಗಳೂ ಇವೆ. ಬೆರಳ ಗಿಣ್ಣು ಊದಿ ಉಂಗುರ ಹಾಕುವುದು ಬಿಟ್ಟಿದ್ದೇನೆ. ಪಕ್ಕೆಲುಬು ನೋವಾಗಿ ಮೂರು ವಾರ ಸೀನಲು ಹೆದರಿದ್ದೆ. ಮ್ಯಾಟಿನಿಂದ ಹುಳುಕಡ್ಡಿ ಅಂಟುತ್ತದೆ, ಹಾಗಾಗಿ ಉಗುರು ಕತ್ತರಿಸದೆ, ಬಟ್ಟೆ ಒಗೆಯದೆ ಬಂದವರನ್ನು ವಾಪಸ್ ಕಳಿಸುತ್ತಾರೆ, ಅದು ಸರಿಯೇ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಬೆಲ್ಟಿನ ಬಣ್ಣ ಐದು. ಕಪ್ಪಿಗೆ ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ನನ್ನದು ಬಿಳಿ, ತುದಿಯಲ್ಲಿ ಎರಡು ಪಟ್ಟಿ. ಇನ್ನು ‘ಯಾರನ್ನಾದ್ರೂ ಹೊಡೆದುರುಳಿಸ್ತೀಯಾ ಈಗ?’ ಅನ್ನುವವರಿಗೆ: ಇಲ್ಲ. ರಸ್ತೆಯಲ್ಲಿ ಕೋಚ್ ಹೇಳಿಕೊಟ್ಟದ್ದು ಓಡುವುದನ್ನೇ. ಹೆದರಿಕೆಯಿಂದ ಸೇರಿದೆ ನಿಜ, ಆದರೆ ಹೆದರಿಕೆಗಾಗಿ ಯಾರೂ ವಾರಕ್ಕೆ ಮೂರು ದಿನ, ಒಂದೂವರೆ ವರ್ಷ, ಮಳೆಯಲ್ಲಿ ಎರಡು ಬಸ್ ಬದಲಿಸುವುದಿಲ್ಲ. ಮಜಾ ಇರುವುದಕ್ಕೇ ಹೋಗುವುದು. ಈಚೆಗೆ ಒಂದು ಸಲ ಬಸ್ಸಿನಲ್ಲಿ ಒಬ್ಬರು ಒತ್ತಿಕೊಂಡಾಗ ‘ಸರೀರಿ ಆ ಕಡೆ’ ಅಂದೆ. ಸದ್ದು ಬಂತು. ಅವರು ಸರಿದರು. ನಿಜವಾಗಲೂ ರಶ್ ಇತ್ತೋ ಏನೋ, ಪಾಪ.

ಮನೆಯಲ್ಲಿ ‘ಜುಜುಬಿ’ ಏನೆಂದು ಸರಿಯಾಗಿ ಹೇಳಿರಲಿಲ್ಲ. ಏರೋಬಿಕ್ಸ್ ಥರ ಅಂದಿದ್ದೆ. ಈ ಯುಗಾದಿಗೆ ಊರಿಗೆ ಹೋದಾಗ ಎಣ್ಣೆ ಹಚ್ಚುವ ಹೊತ್ತಿಗೆ ತೋಳಿನ ಮೇಲಿನ ನೀಲಿ ಗುರುತುಗಳು ಅಮ್ಮನಿಗೆ ಕಂಡವು. ಅವಳ ಮುಖ ಬಿಳಿಚಿತು. ‘ಯಾರು ಹೊಡದ್ರು ಹೇಳು’ ಅಂತ ಹಿಡಿದುಕೊಂಡಳು. ಬೇರೆ ದಾರಿ ಇರಲಿಲ್ಲ, ಎಲ್ಲ ಹೇಳಿದೆ. ‘ಗಂಡಸರ ಜೊತಿ ನೆಲದ ಮ್ಯಾಲೆ ಹೊರಳಾಡೋಕೆ ರೊಕ್ಕ ಬೇರೆ ಕೊಡ್ತೀಯೇನೆ?’ ಅಂತ ಶುರುವಾದದ್ದು ಅಡುಗೆಮನೆಗೆ ಹೋದರೂ ನಿಲ್ಲಲಿಲ್ಲ.

ಅಜ್ಜನಿಗೆ ಈಗ ಮಂಡಿ ನೋವು, ಮಂಚ ಬಿಟ್ಟು ಹೆಚ್ಚು ಇಳಿಯುವುದಿಲ್ಲ. ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದ. ಆಮೇಲೆ ‘ಹೆಂಗ್ ಹಿಡೀತೀರಿ, ತೋರ್ಸು’ ಅಂದ.

ತಮ್ಮ ಈಗ ಜಿಮ್ಮಿಗೆ ಹೋಗಿ ಎಪ್ಪತ್ತೈದು ಕೆ.ಜಿ. ಆಗಿದ್ದಾನೆ. ಚಾಪೆ ಹಾಸಿ ನಾನು ಅಂಗಾತ ಮಲಗಿದೆ. ‘ಬಾರೋ, ನನ್ನ ಹಿಡಕೋ’ ಅಂದೆ. ಅವನು ನಗುತ್ತಾ ಬಂದು ಕುತ್ತಿಗೆಗೆ ಕೈ ಹಾಕಿದ. ಕೈ ಎದೆಗೆ ಒತ್ತಿ ಹಿಡಿದು, ಸೊಂಟ ಪಕ್ಕಕ್ಕೆ ತಿರುಗಿಸಿ, ಒಂದು ಕಾಲು ಅವನ ಮುಖದ ಮೇಲಿಂದ ಹಾಕಿ ಚಾಚಿದೆ. ಆರ್ಮ್‌ಬಾರ್. ಅವನಿಗೆ ಟ್ಯಾಪ್ ಗೊತ್ತಿರಲಿಲ್ಲ, ‘ಅಮ್ಮಾ’ ಅಂದ. ಬಿಟ್ಟೆ.

‘ಬೆನ್ನು ನೆಲಕ್ಕೆ ಹತ್ತಿದ ಮ್ಯಾಲೆ ಚಿತ್ತಾದಂಗಲ್ಲೇನವ್ವ?’ ಅಂದ ಅಜ್ಜ.

‘ಇದ್ರಾಗೆ ಹಂಗಿಲ್ಲಜ್ಜ. ಚಿತ್ ಆದ ಮ್ಯಾಲೇ ಆಟ ಶುರು.’

ಅಜ್ಜ ಸ್ವಲ್ಪ ಹೊತ್ತು ಚಾಪೆಯನ್ನೇ ನೋಡಿದ. ‘ಇನ್ನೊಮ್ಮೆ ಹಿಡಿ’ ಅಂದ. ತಮ್ಮ ಒಲ್ಲೆ ಅಂದರೂ ಬಿಡಲಿಲ್ಲ. ಈ ಸಲ ಮಂಚದಿಂದ ಬಗ್ಗಿ ನನ್ನ ಮೊಣಕಾಲಿಗೆ ಬೆರಳಿನಿಂದ ತಟ್ಟಿದ. ‘ಇಲ್ಲಿ ಸಂದು ಬಿಟ್ಟೀಯ. ಬಿಗಿ ಮಾಡು. ಗಟ್ಟಿ ಹುಡುಗ ಆಗಿದ್ರೆ ಇಲ್ಲೇ ಜಾರಿ ಹೋಗ್ತಿದ್ದ.’ ಕೋಚ್ ವಾರಕ್ಕೆರಡು ಸಲ ಬೈಯುವುದೂ ಅದಕ್ಕೇ. ಬಿಗಿ ಮಾಡಿದೆ. ತಮ್ಮ ಈ ಸಲ ‘ಅಜ್ಜಾ’ ಅಂದ.

‘ಅಲ್ಲಿ ಮಣ್ಣಿಲ್ಲೇನು?’

‘ಇಲ್ಲಜ್ಜ, ಮ್ಯಾಟು.’

‘ಮಣ್ಣಾಗಿದ್ರೆ ಮೈಗೆ ತಂಪು.’ ಆಮೇಲೆ ಹತ್ತಿರ ಕರೆದ. ‘ಕಿವಿ ತೋರ್ಸಿಲ್ಲಿ.’ ಕೂದಲು ಸರಿಸಿ ಬಗ್ಗಿದೆ. ಒರಟು ಬೆರಳಿನಿಂದ ನನ್ನ ಎರಡೂ ಕಿವಿಯ ಅಂಚನ್ನು ಒತ್ತಿ ಒತ್ತಿ ನೋಡಿದ.

‘ಇನ್ನೂ ಏನೂ ಆಗಿಲ್ಲ’ ಅಂದ. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ಒಳಗಿನಿಂದ ಅಮ್ಮ, ಮಂಡಕ್ಕಿ ಮೆತ್ತಗಾಗ್ತಿದಾವೆ, ಮಿರ್ಚಿ ಆರ್ತಿದಾವೆ, ಬರ್ತೀರೋ ಇಲ್ವೋ ಅಂತ ಕೂಗಿದಳು.